ನಾನು ದಿನಾ ತೊಳೆದ ದಾಳಿಂಬೆ ಹೂಗಳು

ನಿಮಗೂ ಹೀಗಾಗಿದೆಯಾ, ಹೇಳಿ. ಮನೆಯ ಗಿಡದಲ್ಲಿ ಹೂ ಉದುರದೆ ನಿಂತರೆ ತಮ್ಮ ಬದುಕೂ ನೆಲೆ ನಿಂತೀತು ಅಂತ ನಂಬಿ, ಬೆಳಗಾಗೆದ್ದು ಮುಖವನ್ನೂ ತೊಳೆಯದೆ ಗಿಡದ ಬುಡಕ್ಕೆ ಓಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನು ಓಡಿದ್ದೇನೆ. ತಿಂಗಳುಗಟ್ಟಲೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಮೇಲೇ ನಮ್ಮ ಮನೆ. ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಲಾರಿ ಹಿಂದೆ ಲಾರಿ, ನಡುವೆ ನಾಯಿ ದಾಟುವಷ್ಟೂ ಜಾಗವಿಲ್ಲ. ನಮ್ಮ ಮನೆಯವರು ಸಂಡೂರಿನ ಕಡೆ ಒಂದು ವೇಬ್ರಿಡ್ಜ್‌ನಲ್ಲಿ ಲಾರಿ ತೂಕ ಹಾಕುತ್ತಿದ್ದರು. ಲಾರಿಗಳು ಎಬ್ಬಿಸುವ ಆ ಕೆಂಪು ಧೂಳೇ ನಮಗೆ ಅನ್ನ ಹಾಕುತ್ತಿತ್ತು, ಅದನ್ನು ಬೈಯುವ ಬಾಯಿ ನಮಗಿರಲಿಲ್ಲ. ತೊಳೆಯುತ್ತಿದ್ದೆವು, ಅಷ್ಟೇ. ಹೊಸ್ತಿಲು, ತುಳಸಿಕಟ್ಟೆ, ಸ್ಕೂಟರ್, ಒಣಗಿದ ಬಟ್ಟೆಯನ್ನೇ ಮತ್ತೊಮ್ಮೆ. ಆ ರಸ್ತೆಯ ಹೆಂಗಸರ ಬೆಳಗೆಲ್ಲ ಕೆಂಪು ನೀರನ್ನು ಚರಂಡಿಗೆ ಬಿಡುವುದರಲ್ಲೇ ಮುಗಿಯುತ್ತಿತ್ತು.

ಎರಡು ಸಲ ನನ್ನ ಬಸಿರು ನಿಲ್ಲಲಿಲ್ಲ. ಒಮ್ಮೆ ಮೂರನೇ ತಿಂಗಳು, ಇನ್ನೊಮ್ಮೆ ನಾಲ್ಕನೇದು. ಎರಡನೇ ಸಲ ನಾನು ಆಸ್ಪತ್ರೆಯಿಂದ ಬಂದ ವಾರವೇ ಅತ್ತೆ ತಮ್ಮ ತವರು ಕಂಪ್ಲಿಗೆ ಹೋಗಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಂದು ದಾಳಿಂಬೆ ಸಸಿ ತಂದರು.

"ನಮ್ಮ ಮನಿತನದಾಗ ಕುಬಸಕ್ಕ ಮನಿ ಗಿಡದ ದಾಳಿಂಬಿನ ಉಡಿಗೆ ಹಾಕ್ತಾರ. ಕೊಂಡ ಹಣ್ಣು ನಡೆಂಗಿಲ್ಲ. ಈ ಮನಿ ಕಟ್ಟಿದಾಗ್ಲೇ ಗಿಡ ಹಚ್ಚಬೇಕಿತ್ತು, ಮರೆತೆ. ತಪ್ಪು ನಂದವ್ವ."

ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಅಕ್ಕಿ, ಕಾಯಿ, ಹಣ್ಣು ಸೆರಗಿಗೆ ಹಾಕಿ ಉಡಿ ತುಂಬುವುದೇ ಕುಬಸ. ನಾನು ಡಿಗ್ರಿ ಓದಿದವಳು. ಆದರೆ ಎರಡು ಸಲ ಬರಿಗೈಯಲ್ಲಿ ಮನೆಗೆ ಬಂದ ಮೇಲೆ ಓದು ಎಲ್ಲಿ ಉಳಿಯುತ್ತದೆ? ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೊಣಕಾಲುದ್ದ ಗುಂಡಿ ತೆಗೆದೆವು. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿದೆವು. ಬುಡದಲ್ಲಿ ಚಿಗುರಿದ ಮರಿಗಳನ್ನು ಚಿವುಟಿ ಮೂರೇ ಕಾಂಡ ಬಿಟ್ಟೆವು.

ಮೂರನೇ ವರ್ಷ ಹೂ ಬಂತು. ಬೆಳಿಗ್ಗೆ ಅರಳಿದ ಹೂ ಸಂಜೆಗೆ ಧೂಳು ಹಿಡಿದು ಇಟ್ಟಿಗೆ ಚೂರಿನಂತೆ ಕಾಣುತ್ತಿತ್ತು. ಉಳಿದದ್ದನ್ನೆಲ್ಲ ತೊಳೆಯುವವಳು ಇದನ್ನು ಬಿಡುತ್ತೇನಾ? ದಿನಾ ಬೆಳಿಗ್ಗೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಒಂದೊಂದೇ ಹೂವಿನ ಒಳಗೂ ಹೊರಗೂ ನೀರು ಹೊಡೆಯುತ್ತಿದ್ದೆ.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ನಿಮ್ಮ ಗಿಡ ದಿನಾ ಜಳಕ ಮಾಡತೈತ್ರಿ ಅಕ್ಕಾರ. ನಮ್ಮ ಮನಿಯವರು ವಾರಕ್ಕೊಮ್ಮೆ. ಅವರನ್ನೂ ಅಲ್ಲೇ ನಿಲ್ಲಸ್ಲೇನು?" ಅನ್ನುತ್ತಿದ್ದಳು.

ಆ ವರ್ಷ ಎರಡು ಸಲ ಹೂ ಬಿಟ್ಟು, ಎರಡೂ ಸಲ ಪೂರ್ತಿ ಉದುರಿತು. ಅತ್ತೆ ಏಳುವ ಮೊದಲೇ ಬಿದ್ದ ಹೂಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಹಿತ್ತಲ ಚರಂಡಿಗೆ ಹಾಕುತ್ತಿದ್ದೆ. ಕಳ್ಳತನ ಮಾಡಿದವಳಂತೆ.

ಮೂರನೇ ಸಲ ಮೊಗ್ಗು ಕಾಣುವಾಗ ನನಗೂ ತಿಂಗಳು ತಪ್ಪಿತ್ತು.

"ಯಾರಿಗೂ ಹೇಳಬ್ಯಾಡ್ರಿ," ಅಂದೆ ನಮ್ಮವರಿಗೆ.

"ಗಿಡಕ್ಕರ ಹೇಳಿಯೇನು?" ಅಂದರು, ನಗಿಸಲು. ನನಗೆ ನಗು ಬರಲಿಲ್ಲ. ಮರುದಿನದಿಂದ ಎರಡು ಹೊತ್ತು ತೊಳೆಯತೊಡಗಿದೆ.

ಆಗಲೇ ಅತ್ತೆಯ ಅಣ್ಣ ಬಂದದ್ದು. ಕಂಪ್ಲಿಯಲ್ಲಿ ಜೀವನವಿಡೀ ತೋಟ ಮಾಡಿದ ಮುದುಕ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ನನ್ನನ್ನೇ ನೋಡುತ್ತಿದ್ದರು.

"ಏನು ಮಾಡಾಕತ್ತೀಯವ್ವ?"

"ಧೂಳ ತೊಳಿಯಾಕತ್ತೀನ್ರಿ ಮಾವ."

"ದಿನಾನೂ?"

"ಎರಡು ಹೊತ್ತು."

ಅವರು ಲೋಟ ಕೆಳಗಿಟ್ಟರು. "ಹುಚ್ಚವ್ವ, ಒಳಗಿನ ಹಳದಿ ಪುಡಿನ ತೊಳದ ಹೋದ್ರ ಕಾಯಿ ಎಲ್ಲಿಂದ ಕಟ್ಟತೈತಿ? ಜೇನಹುಳ ಬರೋ ಹೊತ್ತಿಗೆ ಸರಿಯಾಗಿ ಪೈಪ್ ಹಿಡಕೊಂಡು ನಿಂದರ್ತಿ. ಧೂಳು ಎಲಿ ಮ್ಯಾಲ ಇರ್ಲಿ ಬಿಡು. ನೀರು ಬುಡಕ್ಕ ಹಾಕು."

ಆಮೇಲೆ ಬಿದ್ದಿದ್ದ ಒಂದು ಹೂ ಎತ್ತಿ ತೋರಿಸಿದರು. "ನೋಡು, ಬುಡ ಸಣ್ಣ ಐತಿ. ಇಂಥಾವು ಬೀಳಾಕಂತನ ಹುಟ್ಟಿರ್ತಾವ. ಇದಕ್ಕ ಅಳಬಾರದು. ಬುಡ ಗುಂಡಗ ಇದ್ದದ್ದು ನಿಲ್ಲತೈತಿ."

ನನ್ನ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಬೀಳಲೆಂದೇ ಹುಟ್ಟಿದವು.

ತೊಳೆಯುವುದನ್ನು ಬಿಟ್ಟೆ. ನಿಜ ಹೇಳುತ್ತೇನೆ, ಹೂ ತೊಳೆಯುವುದಕ್ಕಿಂತ ತೊಳೆಯದೆ ಕೂರುವುದೇ ಕಷ್ಟವಾಯಿತು. ಒಂದೇ ಒಂದು ಕಾಯಿ ನಿಂತಿತು, ರಸ್ತೆ ಕಡೆಯ ಕೊಂಬೆಯಲ್ಲಿ. ನನ್ನ ನಾಲ್ಕನೇ ತಿಂಗಳು ದಾಟಿತು. ಐದೂ ದಾಟಿತು. ಅತ್ತೆ ಹಳೇ ಪಂಚೆ ಹರಿದು ಕಾಯಿಗೆ ಸುತ್ತಿದರು. ಎರಡು ದಿನಕ್ಕೆ ಬಟ್ಟೆ ಕೆಂಪಾಗುತ್ತಿತ್ತು, ಬದಲಾಯಿಸುತ್ತಿದ್ದರು. ಹಸಿರು ಸೀರೆ ತಂದು ಟ್ರಂಕಿನಲ್ಲಿಟ್ಟರು.

ಆರನೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ನೋವು ಬಂತು. ಆಟೋ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರಮ್ಮ. ಇರಬಹುದು.

ಮನೆಗೆ ಬಂದಾಗ ಕಾಯಿ ಹಾಗೇ ನೇತಾಡುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ, ಯಾರೂ ಬಟ್ಟೆ ಬದಲಾಯಿಸಲಿಲ್ಲ. ಹಣ್ಣಾಯಿತು, ಬಿರಿಯಿತು, ಗಿಳಿಗಳು ಬಂದು ಬಟ್ಟೆ ಎಳೆಯತೊಡಗಿದವು. "ಗಿಡಾನ ಕಡಿದು ಹಾಕ್ರಿ," ಅಂದೆ ನಮ್ಮವರಿಗೆ. ಅವರು ಡ್ಯೂಟಿಗೆ ಹೋದರು.

ಅತ್ತೆ ಹೊರಗೆ ಹೋಗಿ ಹಣ್ಣನ್ನು ಎರಡೂ ಕೈಯಿಂದ ಕಿತ್ತು ತಂದು ನನ್ನೆದುರು ನಿಂತರು.

"ಉಡಿ ಒಡ್ಡು."

"ಎದಕ್ರಿ ಅತ್ತಿ? ಕುಬಸ ಎಲ್ಲೈತಿ?"

"ಆರು ತಿಂಗಳು ಹೊತ್ತಿ. ಅದೇನು ಸುಳ್ಳೇನು? ಒಡ್ಡು."

ನಾನು ಒಡ್ಡಲಿಲ್ಲ. ಅವರು ಕದಲಲಿಲ್ಲ. ಬಿರಿದ ಕಡೆಯಿಂದ ರಸ ಇಳಿದು ಅವರ ಮೊಣಕೈ ತನಕ ಹೋಗುತ್ತಿತ್ತು. ಹೊರಗೆ ಎಷ್ಟು ಲಾರಿ ಹೋದವೋ. ಕೊನೆಗೆ ಸೆರಗು ಹಿಡಿದೆ.

ಹೊಸ್ತಿಲ ಮೇಲೆ ಕೂತು ಇಬ್ಬರೇ ತಿಂದೆವು. ಬಿರುಕಿನಲ್ಲಿದ್ದ ಧೂಳನ್ನು ಅತ್ತೆ ಬೆರಳಿನಿಂದ ಒರೆಸಿದರು. ಒಳಗೆ ಧೂಳಿನ ಒಂದು ಕಣವೂ ಇರಲಿಲ್ಲ. ಸಿಹಿ ಇತ್ತೋ ಇಲ್ಲವೋ, ನನಗೆ ನೆನಪಿಲ್ಲ.

ಆಮೇಲೆ ನನಗೆ ಮಕ್ಕಳಾಗಲಿಲ್ಲ. ಅತ್ತೆ ತೀರಿಕೊಂಡರು. ಲಾರಿ ಕಡಿಮೆಯಾದವು. ಗಿಡ ಈಗ ಬೀದಿಗೆಲ್ಲ ಹಂಚುವಷ್ಟು ಕಾಯಿ ಬಿಡುತ್ತದೆ. ಹೂವಿನ ಒಳಗೆ ನಾನು ಹೊಡೆದ ನೀರು ಏನು ಮಾಡಿತು ಅಂತ ಕಂಪ್ಲಿಯ ಮಾವ ಹೇಳಿದರು. ಅಷ್ಟು ವರ್ಷ ಉಸಿರಿನ ಜೊತೆ ನನ್ನ ಒಳಗೆ ಏನು ಹೋಯಿತು, ಏನು ಮಾಡಿತು ಅಂತ ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಆ ವರ್ಷಗಳಲ್ಲಿ ಆ ರಸ್ತೆಯ ಮೇಲೆ ಬದುಕಿದ ಅಕ್ಕಂದಿರೇ, ತಂಗಿಯರೇ, ನಿಮ್ಮ ಮನೆಯಲ್ಲಿ ಏನಾಯಿತು ಕೆಳಗೆ ಬರೆಯಿರಿ. ಹೆಸರು ಬೇಡ. ನನಗೆ ಸಮಾಧಾನವನ್ನೂ ಹೇಳಬೇಡಿ. ನಿಮ್ಮ ಗಿಡದ್ದು, ನಿಮ್ಮ ಮಡಿಲಿನದು, ಇದ್ದದ್ದು ಇದ್ದ ಹಾಗೆ ಹೇಳಿ. ನಾನೊಬ್ಬಳೇನಾ, ಅಲ್ಲವಾ ಅಂತ ಗೊತ್ತಾಗಬೇಕು ನನಗೆ.