ಬೀಗ ಬೀಳದ ಗೇಟು

ನಲ್ಲಪ್ಪ ಪೀಣ್ಯದ ಪಾರ್ಕಿಗೆ ಮಾಲಿಯಾಗಿ ಬಂದದ್ದು ಕಾಲು ಸುಟ್ಟುಕೊಂಡ ಮೇಲೆ. ಅದಕ್ಕೆ ಮುಂಚೆ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು, ರಸ್ತೆ ಹಾಕುವ ಕೆಲಸ ಮುಗಿಯುತ್ತಲೇ ಇರಲಿಲ್ಲ. ಒಂದು ದಿನ ಕುದಿಯುವ ಟಾರು ತುಳುಕಿ ಬಲಗಾಲಿನ ಮೇಲೆ ಬಿತ್ತು. ಗಾಯ ಮಾಯುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಇನ್ನು ಭಾರ ಹೊರುವುದು ಇವನ ಕೈಲಾಗದು ಎಂದು ಇಲಾಖೆಯವರು ಪಾರ್ಕಿಗೆ ಹಾಕಿದರು.

ಪಾರ್ಕು ಅಂತ ಹೆಸರಷ್ಟೇ. ಎರಡು ರಸ್ತೆ ಕೂಡುವಲ್ಲಿ ಮಿಕ್ಕಿದ್ದ ಮೂರು ಮೂಲೆಯ ಜಾಗ, ಸುತ್ತ ಮುಳ್ಳುತಂತಿ, ಒಂದು ಕಬ್ಬಿಣದ ಗೇಟು, ಒಳಗೆಲ್ಲ ಜಲ್ಲಿ ಮತ್ತು ಕಳೆ. ನಲ್ಲಪ್ಪ ಕುಂಟುತ್ತಲೇ ಕಳೆ ಕಿತ್ತು, ಗುಂಡಿ ತೋಡಿ, ಹೊಂಗೆ ಸಸಿ ನೆಟ್ಟ. ರಸ್ತೆಯಲ್ಲಿ ಹಾಕಿದ ಟಾರನ್ನು ಲಾರಿಗಳು ಆರೇ ತಿಂಗಳಿಗೆ ಕಿತ್ತುಹಾಕುತ್ತಿದ್ದವು. ಇಲ್ಲಿ ಮಾಡಿದ ಕೆಲಸ ದಿನದಿನಕ್ಕೆ ಮೇಲೇಳುತ್ತಿತ್ತು. ಅದು ಅವನಿಗೆ ಬಹಳ ಹಿಡಿಸಿತು.

ಕೆಲವು ವರ್ಷಗಳಲ್ಲಿ ಹೊಂಗೆಗಳು ನೆರಳು ಕೊಡುವಷ್ಟು ಬೆಳೆದವು. ಪಾರ್ಕಿನ ಎದುರಿಗೆ ಮೋಟಾರಿಗೆ ತಂತಿ ಸುತ್ತುವ ಸಣ್ಣ ಕಾರ್ಖಾನೆ. ಅಲ್ಲಿನ ಹೆಂಗಸರಿಗೆ ಕ್ಯಾಂಟೀನಿರಲಿಲ್ಲ. ಮಧ್ಯಾಹ್ನವಾದರೆ ಚರಂಡಿಯ ಮೋರಿಕಟ್ಟೆಯ ಮೇಲೆ ಸಾಲಾಗಿ ಕೂತು, ಲಾರಿಯ ಧೂಳಿಗೆ ಸೆರಗು ಅಡ್ಡ ಹಿಡಿದುಕೊಂಡು ಉಣ್ಣುತ್ತಿದ್ದರು. ನಲ್ಲಪ್ಪ ಕೆಲವು ದಿನ ನೋಡಿದ. ಒಂದು ದಿನ ಗೇಟಿನ ಬಳಿ ನಿಂತು ಕೂಗಿದ:

"ಅಕ್ಕಾ, ಆ ಧೂಳಲ್ಲಿ ಯಾಕ್ ಕೂತಿದ್ದೀರಿ? ಒಳಗ್ ಬನ್ನಿ, ನೆಳ್ಳೈತೆ."

ಮೊದಲು ಎದ್ದು ಬಂದವಳು ಅಮ್ಮಣ್ಣಿ, ಅವರಲ್ಲೆಲ್ಲ ಬಾಯಿ ಜೋರಿನವಳು. ಅವಳ ಹಿಂದೆ ಉಳಿದವರೂ ಬಂದರು. ಅಂದಿನಿಂದ ಅದೇ ರೂಢಿಯಾಯಿತು. ಉಂಡಾದ ಮೇಲೆ ಅವರೇ ಕಸ ಗುಡಿಸುವರು, ನಲ್ಲಪ್ಪನ ಮುಂದೆ ಒಂದು ತುತ್ತು ಚಿತ್ರಾನ್ನವೋ ಉಪ್ಪಿನಕಾಯಿಯೋ ಇಟ್ಟುಹೋಗುವರು.

ಹೀಗಿರುವಾಗ ಪಟ್ಟಾಭಿರಾಮ ಎಂಬ ಹೊಸ ಎಂಜಿನಿಯರು ಬಂದರು.

"ನಲ್ಲಪ್ಪ, ನಾಳೆಯಿಂದ ಹನ್ನೊಂದಕ್ಕೆ ಗೇಟಿಗೆ ಬೀಗ ಹಾಕ್ಬಿಡು. ಸಾಯಂಕಾಲ ತೆಗೆದ್ರೆ ಸಾಕು. ಪಾರ್ಕುಗಳಲ್ಲಿ ಮಧ್ಯಾಹ್ನ ಇಸ್ಪೀಟಾಡ್ತಾರೆ ಅಂತ ದೂರು ಬಂದಿದೆ."

"ಇಲ್ಲಿ ಯಾರೂ ಆಡಲ್ಲ ಸಾರ್."

"ಎಲ್ಲಾ ಪಾರ್ಕಿಗೂ ಒಂದೇ ಆರ್ಡರ್ ಕಣಪ್ಪ," ಎಂದು ಸ್ಕೂಟರ್ ಒದ್ದು ಹೊರಟರು.

ಆ ಸಂಜೆ ಮಾಕಳಿಯ ಮನೆಯಲ್ಲಿ ನಲ್ಲಪ್ಪ ಮುದ್ದೆ ಮುರಿಯುತ್ತ ಬೀಗದ ವಿಷಯ ಹೇಳಿದ. ಹೆಂಡತಿ ಚಿಕ್ಕಮುನಿಯಮ್ಮ ಎಲ್ಲ ಕೇಳಿಸಿಕೊಂಡಳು.

"ಗೇಟಿಗೆ ತುಕ್ಕು ಇಡ್ದೈತೆ, ಬಣ್ಣ ಒಡೀಬೇಕು ಅಂತ ಓದ್ ತಿಂಗ್ಳಿಂದ ಗೊಣಗ್ತಿದ್ರಲ್ಲ?" ಎಂದವಳೇ ಇನ್ನಷ್ಟು ಸಾರು ಬಡಿಸಿದಳು.

ಮರುದಿನ ನಲ್ಲಪ್ಪ ಗೇಟನ್ನು ಕೀಲಿನಿಂದ ಕಳಚಿ, ಕಲ್ಲುಗಳ ಮೇಲೆ ಮಲಗಿಸಿದ. ಉಪ್ಪುಕಾಗದದಿಂದ ತುಕ್ಕು ಉಜ್ಜತೊಡಗಿದ. ಅವನು ಅಷ್ಟು ನಿಧಾನವಾಗಿ ಯಾವ ಕೆಲಸವನ್ನೂ ಮಾಡಿದವನಲ್ಲ. ಎಂಜಿನಿಯರು ಬಂದಾಗ ಉಜ್ಜುತ್ತಿದ್ದ. ಇನ್ನೊಮ್ಮೆ ಬಂದಾಗ ಕೆಂಪು ಬಣ್ಣ ಬಳಿಯುತ್ತಿದ್ದ. ಆಮೇಲೆ ಅದರ ಮೇಲೆ ಹಸಿರು. ಗೇಟೇ ಇಲ್ಲದ ಮೇಲೆ ಬೀಗ ಎಲ್ಲಿಗೆ ಹಾಕುವುದು? ಹೆಂಗಸರು ಎಂದಿನಂತೆ ಬಂದು ಉಂಡು ಹೋಗುತ್ತಿದ್ದರು.

ಕೊನೆಗೊಂದು ದಿನ ಪಟ್ಟಾಭಿರಾಮರು ಸರಿಯಾಗಿ ಊಟದ ಹೊತ್ತಿಗೇ ಬಂದರು.

"ಇನ್ನೂ ಒಣಗಿಲ್ಲ ಸಾರ್," ಎಂದ ನಲ್ಲಪ್ಪ, ಕೈಯಲ್ಲಿ ಕುಂಚ ಹಿಡಿದು.

ಅವರು ಬಗ್ಗಿ ಗೇಟಿನ ಮೇಲೆ ಬೆರಳೊತ್ತಿದರು. ಬೆರಳಿಗೆ ಏನೂ ಅಂಟಲಿಲ್ಲ. ನಲ್ಲಪ್ಪ ಕುಂಚ ಕೆಳಗಿಟ್ಟ.

"ಒಣಗೈತೆ ಸಾರ್. ಓದ್ ವಾರಾನೇ ಒಣಗ್ತು. ಇವ್ರು ಉಣ್ಣೋ ಒತ್ತಲ್ಲಿ ಬೀಗ ಆಕಕ್ಕೆ ನಂಗೆ ಮನ್ಸು ಬರ್ಲಿಲ್ಲ."

ಅಮ್ಮಣ್ಣಿ ಊಟದ ಡಬ್ಬಿ ಹಿಡಿದುಕೊಂಡೇ ಎದ್ದು ಬಂದಳು. "ಸಾರ್, ನಮ್ಮ ಜಾಗ ಅಲ್ಲೈತೆ ನೋಡಿ," ಎಂದು ಮೋರಿಯ ಕಡೆ ಕೈ ತೋರಿಸಿದಳು. "ಈಯಪ್ಪನ್ನ ಬೈಬ್ಯಾಡಿ. ನಾವು ಅಲ್ಲಿಗೇ ಓಗ್ತೀವಿ."

ಅಷ್ಟರಲ್ಲಿ ಜಲ್ಲಿ ಲಾರಿಯೊಂದು ಹಾದುಹೋಗಿ, ಮೋರಿಕಟ್ಟೆ ಧೂಳಿನಲ್ಲಿ ಕಾಣದಾಯಿತು. ಪಟ್ಟಾಭಿರಾಮರು ಕನ್ನಡಕ ತೆಗೆದು ಒರೆಸಿಕೊಂಡರು. ಗುಡಿಸಿ ಚೊಕ್ಕಟವಾಗಿದ್ದ ಹೊಂಗೆಯ ಬುಡಗಳನ್ನು ನೋಡಿದರು.

"ನಾಳೆ ಗೇಟು ಕೂರಿಸು, ನಲ್ಲಪ್ಪ. ದನ ನುಗ್ಗಿದ್ರೆ ಗಿಡ ಉಳಿಯಲ್ಲ."

"ಬೀಗ ಸಾರ್?"

"ಕತ್ತಲಾದ್ಮೇಲೆ ಹಾಕು. ಆಫೀಸಲ್ಲಿ ನಾನು ಹೇಳ್ಕೋತೀನಿ." ಆಮೇಲೆ ನಗು ತಡೆಯಲಾರದೆ ಕೇಳಿದರು, "ಇನ್ನೆಷ್ಟು ಕೋಟು ಬಳೀಬೇಕು ಅಂತಿದ್ದೆ?"

ಹೇಳಿದ ಹಾಗೇ ನಡೆದುಕೊಂಡರು. ಮುಂದಿನ ಬೇಸಿಗೆಗೆ ಎರಡು ಕಲ್ಲುಬೆಂಚನ್ನೂ ಕಳಿಸಿದರು. ನಲ್ಲಪ್ಪ ನಿವೃತ್ತನಾಗುವವರೆಗೂ ಆ ಪಾರ್ಕು ಬಿಟ್ಟು ಬೇರೆಡೆಗೆ ಹೋಗಲಿಲ್ಲ; ಬಡ್ತಿ ಕೊಟ್ಟು ಅತ್ತಿಬೆಲೆಗೆ ಹಾಕುತ್ತೇವೆಂದಾಗಲೂ ಕಾಲುನೋವಿನ ನೆಪ ಹೇಳಿ ತಪ್ಪಿಸಿಕೊಂಡ.

ಒಂದು ಅವರೆಕಾಯಿ ಕಾಲದಲ್ಲಿ ಚಿಕ್ಕಮುನಿಯಮ್ಮ ಹಿತಕಿದ ಬೇಳೆ ಸಾರು ಮಾಡಿಕೊಂಡು ಪಾತ್ರೆ ಸಮೇತ ಬಸ್ಸು ಹತ್ತಿ ಬಂದಳು. ಹೆಂಗಸರು ಅವಳನ್ನು ನಡುವೆ ಕೂರಿಸಿಕೊಂಡು ಸಾರು ಹಂಚಿಕೊಂಡರು. ಅಮ್ಮಣ್ಣಿ ಗೇಟಿನ ಕಥೆಯನ್ನು ಮೊದಲಿಂದ ಹೇಳಿ ಎಲ್ಲರನ್ನೂ ನಗಿಸಿದಳು. ಚಿಕ್ಕಮುನಿಯಮ್ಮ ನೆರಳನ್ನೂ, ಮುಂದೆ ನಾಲ್ಕು ಮನೆಯ ಪಲ್ಯ ಇಟ್ಟುಕೊಂಡು ಕೂತ ಗಂಡನನ್ನೂ ಒಂದು ಸಲ ನೋಡಿದಳು.

"ಇದುಕ್ಕೆ ಸಂಬ್ಳ ಬೇರೆ ಕೊಡ್ತಾರಾ?"

ನಲ್ಲಪ್ಪನ ಬಾಯಿ ತುಂಬಿತ್ತು. ಹೌದೆಂದು ತಲೆಯಾಡಿಸಿದ.