ಡ್ರಮ್ಮಿನ ಮಾವು

ಮುನೀರಾ ಅತ್ತಾವರದ ಫ್ಲ್ಯಾಟಿಗೆ ಬಂದ ದಿನವೇ ಮೇಲಿನ ಮನೆಯ ಸೆವ್ರಿನ್ ಬಾಯಿ ಅವಳ ತರಕಾರಿ ಚೀಲಕ್ಕೆ ಇಣುಕಿ, "ಜನವರಿಯಲ್ಲಿ ಮಾವಿನಕಾಯಿಯಾ? ಮರಕ್ಕೇ ಗೊತ್ತಿಲ್ಲ ಮಾರಾಯ್ತಿ!" ಎಂದು ಗದರಿದ್ದರು. ಹೊಸ ವರ್ಷಕ್ಕೆ ಊರೆಲ್ಲ ಕೇಕು ಹಂಚಿದರೆ ಅವರು ಹರಿವೆಬೀಜದ ಪೊಟ್ಟಣ ಹಂಚುವವರು. ತಾರಸಿಯಲ್ಲಿ ಒಡೆದ ಬಕೆಟ್ಟಿಗೊಂದು ಬಸಳೆ, ಹಳೆಯ ಡ್ರಮ್ಮಿಗೊಂದು ಕಸಿಮಾವು. ಹುಳ ಹಿಡಿದ ಬೆಂಡೆಗಿಡಕ್ಕೆ ಹೆಸರು ಕರೆದು ಬೈಗುಳ. "ಹೊತ್ತಿಗೆ ಬಂದದ್ದನ್ನು ತಿಂದವನಿಗೆ ಡಾಕ್ಟರು ಬೇಡ" ಎಂಬುದು ಅವರ ನಿತ್ಯದ ಮಾತು. ಹೋದ ಜನವರಿಯಲ್ಲಿ ಹಾಸಿಗೆ ಹಿಡಿದ ಗಂಡ ಲಿಗೋರಿ ಒಂದು ಹೋಳು ಮಾವಿನಕಾಯಿ ಬೇಡಿದಾಗಲೂ, "ಮಾರ್ಚ್ ಬರಲಿ, ನಮ್ಮ ಡ್ರಮ್ಮಿನದ್ದೇ ಉಂಟಲ್ಲ" ಎಂದಿದ್ದರು. ಮಾರ್ಚ್ ಬಂದಾಗ ಲಿಗೋರಿ ಇರಲಿಲ್ಲ. ಈ ವರ್ಷ ಡ್ರಮ್ಮಿನ ಮಾವು ಹೊತ್ತಲ್ಲದ ಹೊತ್ತಿನಲ್ಲಿ, ಜನವರಿಯಲ್ಲೇ, ಒಂದು ಕಾಯಿ ಬಿಟ್ಟಿದೆ. ಸೆವ್ರಿನ್ ಬಾಯಿ ದಿನಾ ಬೆಳಿಗ್ಗೆ ಚಾಕುವನ್ನೂ ಉಪ್ಪುಮೆಣಸಿನ ಬಟ್ಟಲನ್ನೂ ಹಿಡಿದು ಅದರ ಮುಂದೆ ಕುಳಿತುಕೊಳ್ಳುತ್ತಾರೆ. ಬಿಸಿಲೇರಿದ ಮೇಲೆ ಕೊಯ್ಯದೆಯೇ ಎದ್ದು ಬರುತ್ತಾರೆ.