ಪತ್ರೊಡೆಗೆ ಬರೆಯಲು ಮರೆತ ಹುಳಿ

ಸಂಗೀತ ಕೇಳುವವರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ರಾಗಕ್ಕಿಂತ ಅಡುಗೆಯ ಚರ್ಚೆಯೇ ಜಾಸ್ತಿ. ನಾನೂ ಅಮ್ಮ ಕೆಸುವಿನೆಲೆಗೆ ಅಕ್ಕಿಹಿಟ್ಟು ಸವರಿ ಬೇಯಿಸುವ ಪತ್ರೊಡೆಯ ಕ್ರಮವನ್ನು ಫೋಟೋ ಸಮೇತ ಹಾಕಿದ್ದೆ. ಗುಂಪಿನ ಮೊದಲ ಭೇಟಿಗೆಂದು ಬಂಟ್ವಾಳದಿಂದ ಮೂಡುಬಿದಿರೆಯ ಬಸ್ಸು ಹತ್ತಿ, ಹೊತ್ತು ಹೋಗದೆ ಅದನ್ನೇ ಮತ್ತೆ ಓದಿದೆ. ಹುಣಸೆಹುಳಿಯನ್ನೇ ಬರೆದಿರಲಿಲ್ಲ! ಹುಳಿ ಬೀಳದ ಕೆಸುವಿನೆಲೆ ತಿಂದರೆ ಗಂಟಲು ತುರಿಸಿ ನೀರು ಸಹ ಇಳಿಯುವುದಿಲ್ಲ.

ಕೆಳಗೇ ಬೆಳ್ತಂಗಡಿಯ ಶಾಲಿನಿಯವರ ಉತ್ತರ ಇತ್ತು: "ಭೇಟಿಯ ದಿನ ಬೆಳಿಗ್ಗೆ ಇದನ್ನೇ ಮಾಡಿ ತರ್ತೇನೆ." ಅಂದು ಸಂಜೆ ಹಾಡಬೇಕಾದವರು ಅವರೇ. ಗುಂಪಿನಲ್ಲಿ ಹಾಕುವ ಹಾಡು ಕೇಳಿದ್ದು ಬಿಟ್ಟರೆ ನಾನು ಮುಖ ಸಹ ನೋಡದ ಹೆಂಗಸು. ಫೋನ್ ಮಾಡಿದರೆ ಸ್ವಿಚ್ ಆಫ್. ಹಾಡುವ ದಿನ ಅವರು ಸ್ವರ ಉಳಿಸಲಿಕ್ಕೆ ಯಾರ ಹತ್ತಿರವೂ ಮಾತಾಡುವುದಿಲ್ಲವಂತೆ. ಅಷ್ಟು ಜೋಪಾನ ಮಾಡಿದ ಸ್ವರಕ್ಕೆ ನಾನು ಕೆಸು ತಿನ್ನಿಸಿದ್ದೆ.

ತಲುಪಿದಾಗ ಒಬ್ಬರು ಪತ್ರೊಡೆಯ ಟಿಫಿನ್ ಬಿಚ್ಚುತ್ತಿದ್ದರು; ಶಾಲಿನಿಯವರೇ ಎಂದು ಗೊತ್ತಾಯಿತು.

"ಮೇಡಂ, ಪತ್ರೊಡೆ ತಿಂದ್ರಾ? ನಾನು ಹುಳಿ ಬರೀಲಿಕ್ಕೆ ಮರೆತದ್ದು!"

ಅವರು ಏನೋ ಪಿಸುಗುಟ್ಟಿದರು. ಸ್ವರ ಹೋಗಿಯೇ ಬಿಟ್ಟಿತು ಅಂದುಕೊಂಡೆ. ಕಿವಿ ಹತ್ತಿರ ತಂದೆ.

"ಹುಳಿ ಹಾಕದೆ ಪತ್ರೊಡೆ ಯಾರು ಮಾಡ್ತಾರೆ ಮಾರಾಯ್ರೆ? ಅಷ್ಟುದ್ದ ಬರ್ದದ್ದನ್ನು ಯಾರು ಓದ್ತಾರೆ? ನಾನು ಫೋಟೋ ನೋಡಿ ಮಾಡಿದ್ದು."

ಸಂಜೆ ಚೆನ್ನಾಗಿಯೇ ಹಾಡಿದರು. ಅವರ ಹಾಡುಗಳ ಬಗ್ಗೆ ಗುಂಪಿನಲ್ಲಿ ನಾನು ಪ್ರತಿ ವಾರ ಬರೆಯುವ ಉದ್ದುದ್ದ ವಿಮರ್ಶೆಯನ್ನಾದರೂ ಓದ್ತೀರಾ ಎಂದು ಕೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.